ಶೇಕಡಾ ಒಂದರ ಲೆಕ್ಕ: ಲಿಂಗತ್ವ ಅಲ್ಪಸಂಖ್ಯಾತರ ಉದ್ಯೋಗ ಮೀಸಲಾತಿ ನಡೆಯುವುದು ಹೇಗೆ?

2020ರಲ್ಲಿ ಕರ್ನಾಟಕದ ಪೊಲೀಸ್ ಇಲಾಖೆ ವಿಶೇಷ ಮೀಸಲು ಪಡೆಯ ಕಾನ್‌ಸ್ಟೆಬಲ್ ಮತ್ತು ಬ್ಯಾಂಡ್ ಹುದ್ದೆಗಳಿಗೆ ಅರ್ಜಿ ಕರೆಯಿತು. ಅರ್ಜಿಯ ಲಿಂಗದ ಕಾಲಂನಲ್ಲಿ ಪುರುಷ, ಮಹಿಳೆ ಎಂಬ ಎರಡೇ ಆಯ್ಕೆಗಳಿದ್ದವು. ಸುಪ್ರೀಂ ಕೋರ್ಟು ನಾಲ್ಸಾ ಪ್ರಕರಣದಲ್ಲಿ ಮೂರನೆಯ ಲಿಂಗವನ್ನು ಮಾನ್ಯ ಮಾಡಿ ಆ ಹೊತ್ತಿಗೆ ಆರು ವರ್ಷ ಕಳೆದಿತ್ತು. ಬೆಂಗಳೂರಿನ ಸಂಗಮ ಸಂಸ್ಥೆ ಹೈಕೋರ್ಟಿನ ಮೆಟ್ಟಿಲೇರಿತು. ಜೀವಾ ಎಂಬ ಮತ್ತೊಂದು ಸಂಸ್ಥೆ ಅದೇ ಪ್ರಕರಣದಲ್ಲಿ ಮಧ್ಯಪ್ರವೇಶಿಸಿ, ಕಾಲಂ ಸೇರಿಸಿದರೆ ಸಾಲದು, ಮೀಸಲಾತಿಯೂ ಬೇಕು, ಅದೂ ಸಮತಲ ಮೀಸಲಾತಿಯೇ ಆಗಬೇಕು ಎಂದು ವಾದಿಸಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರ ಪೀಠದ ಮುಂದೆ ವಿಚಾರಣೆ ನಡೆಯುತ್ತಿರುವಾಗಲೇ ರಾಜ್ಯ ಸರ್ಕಾರ ಕರಡು ನಿಯಮ ಹೊರಡಿಸಿ, 2021ರ ಜುಲೈ 6ರಂದು ಅದನ್ನು ಅಂತಿಮಗೊಳಿಸಿತು. ಸರ್ಕಾರಿ ಹುದ್ದೆಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯ ಕರ್ನಾಟಕವಾಯಿತು.

ಇದು ಸಣ್ಣ ಮಾತಲ್ಲ. 2011ರಲ್ಲಿ ಇದೇ ರಾಜ್ಯ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಹಿಜಡಾ ಸಮುದಾಯದವರನ್ನು ಅನುಮಾನದ ಮೇಲೆ ಪಟ್ಟಿ ಮಾಡಿಟ್ಟು ನಿಯಂತ್ರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಆ ಕಲಂನಿಂದ ಸಮುದಾಯದ ಹೆಸರನ್ನು ತೆಗೆಸಲಿಕ್ಕೂ ಕೋರ್ಟಿಗೆ ಹೋಗಬೇಕಾಯಿತು. ಅಂಥ ಪಟ್ಟಿಯಿಂದ ನೇಮಕಾತಿ ಪಟ್ಟಿಗೆ ಬರಲು ಹತ್ತು ವರ್ಷ ಹಿಡಿಯಿತು. ಆದರೆ ನಿಯಮ ಬಂದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಸಿಗದಿರುವುದು ಏಕೆ ಎಂದು ತಿಳಿಯಬೇಕಾದರೆ ಮೀಸಲಾತಿಯ ಒಳಗಿನ ಲೆಕ್ಕಕ್ಕೆ ಇಳಿಯಬೇಕು.

ನಮ್ಮಲ್ಲಿ ಮೀಸಲಾತಿ ಎರಡು ಬಗೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗಗಳಿಗೆ ಇರುವುದು ಲಂಬ ಮೀಸಲಾತಿ. ಮಹಿಳೆಯರು, ಅಂಗವಿಕಲರು, ಮಾಜಿ ಸೈನಿಕರಿಗೆ ಇರುವುದು ಸಮತಲ ಮೀಸಲಾತಿ. ಮಗ್ಗದಲ್ಲಿ ಹಾಸಿನ ಎಳೆಗಳು ಉದ್ದಕ್ಕೆ ನಿಂತಿರುತ್ತವೆ, ಹೊಕ್ಕಿನ ಎಳೆ ಅವೆಲ್ಲವನ್ನೂ ಅಡ್ಡ ಹಾಯುತ್ತದೆ. ಜಾತಿಯ ಮೀಸಲಾತಿ ಹಾಸು, ಸಮತಲ ಮೀಸಲಾತಿ ಹೊಕ್ಕು. ಒಂಬತ್ತು ನ್ಯಾಯಮೂರ್ತಿಗಳ ಪೀಠ 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಸಮತಲ ಮೀಸಲಾತಿ ಪ್ರತಿ ವರ್ಗದ ಒಳಗೇ ಹಂಚಿಹೋಗುವುದರಿಂದ ಒಟ್ಟು ಮೀಸಲಾತಿಯ ಪ್ರಮಾಣ ಅದರಿಂದ ಏರುವುದಿಲ್ಲ. ಶೇ 50ರ ಮಿತಿಯ ಜಗಳಕ್ಕೂ ಇದಕ್ಕೂ ಸಂಬಂಧವಿಲ್ಲ. ಮಿತಿ ಮೀರುತ್ತದೆ ಎಂದು ಇದನ್ನು ವಿರೋಧಿಸುವವರ ವಾದ ಇಲ್ಲಿಗೇ ಬಿದ್ದುಹೋಗುತ್ತದೆ.

ರಾಜಕೀಯವಾಗಿ ನಿಜವಾದ ಜಗಳ ಇರುವುದು ಬೇರೆ ಕಡೆ. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪು, ಈ ಸಮುದಾಯವನ್ನು ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ ಹಿಂದುಳಿದ ವರ್ಗವೆಂದು ಕಂಡು ಮೀಸಲಾತಿ ಕೊಡಿ ಎಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಿತು. ಈ ಸಾಲನ್ನು ಅಕ್ಷರಶಃ ಹಿಡಿದ ರಾಜ್ಯಗಳು ಇವರನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿದವು. ತಮಿಳುನಾಡು 2015ರಲ್ಲಿ ಅತಿ ಹಿಂದುಳಿದ ವರ್ಗಕ್ಕೆ ಸೇರಿಸಿತು. ರಾಜಸ್ಥಾನ, ಮಧ್ಯಪ್ರದೇಶಗಳು 2023ರಲ್ಲಿ ಒಬಿಸಿ ಪಟ್ಟಿಗೆ ಸೇರಿಸಿದವು. ಸರ್ಕಾರಕ್ಕೆ ಇದು ಸುಲಭದ ದಾರಿ: ಪಟ್ಟಿಗೆ ಒಂದು ಹೆಸರು ಸೇರಿಸಿದರೆ ಮುಗಿಯಿತು.

ಆದರೆ ದಲಿತ ಕುಟುಂಬದಲ್ಲಿ ಹುಟ್ಟಿದ ಟ್ರಾನ್ಸ್ ಮಹಿಳೆಯೊಬ್ಬರು ಏನು ಮಾಡಬೇಕು? ಹಿಂದುಳಿದ ವರ್ಗಕ್ಕೆ ಹೋದರೆ ಪರಿಶಿಷ್ಟ ಜಾತಿಯ ಹಕ್ಕು ಬಿಡಬೇಕು. ಪರಿಶಿಷ್ಟ ಜಾತಿಯಲ್ಲೇ ಉಳಿದರೆ, ಮನೆಯಿಂದ ಹೊರದಬ್ಬಿಸಿಕೊಂಡು ಬೀದಿಯಲ್ಲಿ ಬೆಳೆದ ಅವರು, ಅಪ್ಪ ಅಮ್ಮನ ಜೊತೆಯಿದ್ದು ಓದಿದವರ ಸರಿಸಮಕ್ಕೆ ಪೈಪೋಟಿ ಕೊಡಬೇಕು. ಅವರು ಮೊದಲೇ ಹಿಂದುಳಿದ ವರ್ಗದಲ್ಲಿ ಹುಟ್ಟಿದ್ದರೆ ಆ ಪಟ್ಟಿಗೆ ಸೇರಿಸಿದ್ದರಿಂದ ಹೊಸದಾಗಿ ಏನೂ ಸಿಗಲಿಲ್ಲ. ಅಂತೂ ಲಂಬ ಮೀಸಲಾತಿಯಲ್ಲಿ ಲಾಭವಾಗುವುದು ಮುಂದುವರಿದ ಜಾತಿಗಳಲ್ಲಿ ಹುಟ್ಟಿದ ಟ್ರಾನ್ಸ್ ಜನರಿಗೆ ಮಾತ್ರ. ಇತ್ತ ಹಿಂದುಳಿದ ವರ್ಗಗಳ ಜನ ತಮ್ಮ ಪಾಲಿಗೆ ಇನ್ನೊಬ್ಬರನ್ನು ತಂದರೆಂದು ಅಸಮಾಧಾನಪಡುತ್ತಾರೆ. ಆ ಅಸಮಾಧಾನಕ್ಕೂ ಕಾರಣವಿದೆ. 2024ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕ್ರಮವನ್ನು ತಳ್ಳಿಹಾಕಿ, ಶೇ 1ರ ಸಮತಲ ಮೀಸಲಾತಿ ಕೊಡಿ ಎಂದು ಹೇಳಿದ್ದಕ್ಕೆ ಹಿನ್ನೆಲೆ ಇದೇ. ಕರ್ನಾಟಕ ಮೂರು ವರ್ಷ ಮೊದಲೇ ಸರಿಯಾದ ದಾರಿ ಹಿಡಿದಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈಗ ನಮ್ಮ ನಿಯಮಕ್ಕೆ ಬರೋಣ. 1977ರ ಕರ್ನಾಟಕ ಸಿವಿಲ್ ಸೇವೆಗಳ (ಸಾಮಾನ್ಯ ನೇಮಕಾತಿ) ನಿಯಮಗಳಲ್ಲಿ 9ನೇ ನಿಯಮಕ್ಕೆ (1ಡಿ) ಎಂಬ ಉಪನಿಯಮ ಸೇರಿದೆ. ಅದರ ಪ್ರಕಾರ ನೇರ ನೇಮಕಾತಿಯ ಹುದ್ದೆಗಳಲ್ಲಿ ಸಾಮಾನ್ಯ ಅರ್ಹತೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ಪ್ರತಿಯೊಂದು ಪ್ರವರ್ಗದಲ್ಲೂ ಶೇ 1ರಷ್ಟನ್ನು ಲಿಂಗತ್ವ ಅಲ್ಪಸಂಖ್ಯಾತರಿಂದ ತುಂಬಬೇಕು. ಅರ್ಜಿಯಲ್ಲಿ ಪುರುಷ, ಮಹಿಳೆ ಜೊತೆಗೆ ಇತರೆ ಎಂಬ ಕಾಲಂ ಇರಬೇಕು. ಆಯ್ಕೆಯಲ್ಲಿ ತಾರತಮ್ಯ ಮಾಡಬಾರದು. ಅರ್ಹರು ಸಿಗದಿದ್ದರೆ ಆ ಹುದ್ದೆಯನ್ನು ಅದೇ ಪ್ರವರ್ಗದ ಪುರುಷ ಅಥವಾ ಮಹಿಳೆಗೆ ಕೊಡಬಹುದು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ.

ಆಯ್ಕೆ ನಡೆಯುವ ಕ್ರಮವನ್ನು ಸುಪ್ರೀಂ ಕೋರ್ಟು 2007ರ ರಾಜೇಶ್ ಕುಮಾರ್ ದಾರಿಯಾ ಪ್ರಕರಣದಲ್ಲಿ ವಿವರಿಸಿದೆ. ಮೊದಲು ಆಯಾ ಪ್ರವರ್ಗದ ಪಟ್ಟಿಯನ್ನು ಅಂಕಗಳ ಮೇಲೆ ಸಿದ್ಧಮಾಡಬೇಕು. ಆಮೇಲೆ ಆ ಪಟ್ಟಿಯಲ್ಲಿ ಸಮತಲ ಮೀಸಲಾತಿಯವರು ಎಷ್ಟು ಜನ ತಾವಾಗಿಯೇ ಬಂದಿದ್ದಾರೆ ಎಂದು ಎಣಿಸಬೇಕು. ಬೇಕಾದಷ್ಟು ಜನ ಇದ್ದರೆ ಅಲ್ಲಿಗೆ ಮುಗಿಯಿತು. ಕಡಿಮೆಯಿದ್ದರೆ ಮಾತ್ರ, ಅದೇ ಪ್ರವರ್ಗದಲ್ಲಿ ಮುಂದಿನ ಅಂಕ ಪಡೆದ ಲಿಂಗತ್ವ ಅಲ್ಪಸಂಖ್ಯಾತ ಅಭ್ಯರ್ಥಿಯನ್ನು ಒಳಗೆ ತಂದು, ಪಟ್ಟಿಯ ತುದಿಯಲ್ಲಿರುವವರನ್ನು ಬಿಡಬೇಕು. ಜಾತಿ ಮೀಸಲಾತಿಯಲ್ಲಿ ಹಾಗಲ್ಲ: ಪರಿಶಿಷ್ಟ ಜಾತಿಯ ಅಭ್ಯರ್ಥಿ ಸಾಮಾನ್ಯ ಪಟ್ಟಿಯಲ್ಲೇ ಗೆದ್ದರೆ ಅವರನ್ನು ಮೀಸಲು ಹುದ್ದೆಗೆ ಲೆಕ್ಕ ಹಿಡಿಯುವುದಿಲ್ಲ.

ಒಂದು ಇಲಾಖೆ 1,000 ಹುದ್ದೆ ತುಂಬುತ್ತಿದೆ ಎಂದಿಟ್ಟುಕೊಳ್ಳಿ. 2022ರಲ್ಲಿ ಏರಿಸಿದ ಪ್ರಮಾಣವನ್ನೇ ಹಿಡಿದರೆ ಪರಿಶಿಷ್ಟ ಜಾತಿಗೆ 170, ಪಂಗಡಕ್ಕೆ 70, ಪ್ರವರ್ಗ-1ಕ್ಕೆ 40, 2ಎಗೆ 150, 2ಬಿಗೆ 40, 3ಎಗೆ 40, 3ಬಿಗೆ 50, ಉಳಿದ 440 ಸಾಮಾನ್ಯ ಅರ್ಹತೆಗೆ. ಶೇ 1 ಅಂದರೆ ಒಟ್ಟು ಹತ್ತು ಹುದ್ದೆ ಎಂದುಕೊಳ್ಳುತ್ತೇವೆ. ಪ್ರವರ್ಗವಾರು ನೋಡಿದರೆ ಸಾಮಾನ್ಯದಲ್ಲಿ 4.4, ಪರಿಶಿಷ್ಟ ಜಾತಿಯಲ್ಲಿ 1.7, 2ಎಯಲ್ಲಿ 1.5, ಪಂಗಡದಲ್ಲಿ 0.7, ಉಳಿದವುಗಳಲ್ಲಿ ಅರ್ಧ ಅಥವಾ ಅದಕ್ಕಿಂತ ಕಡಿಮೆ. ಪೂರ್ಣಾಂಕವನ್ನಷ್ಟೇ ಎಣಿಸಿದರೆ ಹತ್ತರಲ್ಲಿ ಆರು ಉಳಿಯುತ್ತದೆ. ಹುದ್ದೆ 50 ಇದ್ದರಂತೂ ಯಾವ ಪ್ರವರ್ಗದಲ್ಲೂ ಕಾಲು ಹುದ್ದೆ ಕೂಡ ಆಗುವುದಿಲ್ಲ. ಕಾಲೇಜು ಉಪನ್ಯಾಸಕರು, ಎಂಜಿನಿಯರುಗಳು, ಲೆಕ್ಕಾಧಿಕಾರಿಗಳ ನೇಮಕಾತಿಗಳು ವಿಷಯವಾರು, ಪ್ರದೇಶವಾರು ಒಡೆದುಕೊಂಡೇ ಬರುತ್ತವೆ. ಕಲ್ಯಾಣ ಕರ್ನಾಟಕದ ಹುದ್ದೆಗಳನ್ನು ಬೇರೆ ಮಾಡಿದಾಗ ಅವು ಇನ್ನೂ ಚಿಕ್ಕವಾಗುತ್ತವೆ.

ದೊಡ್ಡ ನೇಮಕಾತಿಯಲ್ಲೂ ಆದದ್ದೇನು? 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿ ನಡೆಯಿತು. ಶೇ 1ರ ಲೆಕ್ಕದಲ್ಲಿ ಸುಮಾರು 150 ಜನ ಬರಬೇಕಿತ್ತು. ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಬಂದವರು ಮೂವರು. ಆ ಮೂವರ ಗೆಲುವು ದೊಡ್ಡದು, ಅವರ ತರಗತಿಯ ಮಕ್ಕಳು ಬೇರೆಯದೇ ಕಣ್ಣಿನಿಂದ ಲೋಕ ನೋಡುತ್ತಾರೆ. ಆದರೆ ಉಳಿದ ಹುದ್ದೆಗಳು ಎಲ್ಲಿ ಹೋದವು ಎಂಬ ಪ್ರಶ್ನೆಗೆ ಉತ್ತರ ನಿಯಮದ ಆ ಕೊನೆಯ ಮಾತಿನಲ್ಲಿದೆ: ಅರ್ಹರು ಸಿಗದಿದ್ದರೆ ಬೇರೆಯವರಿಗೆ. ಸುಳ್ಳು ಹೇಳಿ ಈ ಮೀಸಲಾತಿಗೆ ಜನ ನುಗ್ಗುತ್ತಾರೆ ಎಂದು ಹೆದರಿಸುವವರು ಈ ಮೂರು ಎಂಬ ಅಂಕಿಯನ್ನು ನೋಡಬೇಕು.

ಅರ್ಹರು ಸಿಗುವುದಿಲ್ಲ ಎನ್ನುವಾಗ ಅವರು ಯಾವ ಹಂತದಲ್ಲಿ ಉದುರಿಹೋದರು ಎಂದು ಯಾರೂ ಕೇಳುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಇತರೆ ಎಂದು ದಾಖಲಾದವರು 20,266 ಮಂದಿ. ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂದು ಸಮುದಾಯದವರು ಹೇಳುತ್ತಲೇ ಬಂದಿದ್ದಾರೆ. ಹೈಸ್ಕೂಲಿನಲ್ಲಿ ಗೇಲಿ, ಹೊಡೆತ ತಾಳಲಾರದೆ ಶಾಲೆ ಬಿಡುವವರು ಬಹಳ. ಎಸ್ಸೆಸ್ಸೆಲ್ಸಿಯೇ ಆಗದವರಿಗೆ ಪದವಿ ಬೇಡುವ ಹುದ್ದೆಯ ಮೀಸಲಾತಿಯಿಂದ ಏನು ಬಂತು? 1977ರ ನಿಯಮ ಉದ್ಯೋಗಕ್ಕೆ ಮಾತ್ರ ಸಂಬಂಧಿಸಿದ್ದು, ಕಾಲೇಜು ಪ್ರವೇಶವನ್ನು ಅದು ಮುಟ್ಟುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಗೆ, ಸದ್ಯಕ್ಕೆ ಶೇ 0.5ರಷ್ಟು ಸೀಟು ಮೀಸಲಿಟ್ಟು ಶುಲ್ಕ ಮನ್ನಾ ಮಾಡಿ ಎಂದು ಆದೇಶಿಸಿತು. ಮೇಲ್ಮನವಿಯಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಕೊಟ್ಟಿತು.

ಇನ್ನೊಂದು ತೊಡಕು ಕಾಗದಪತ್ರದ್ದು. ಪ್ರವರ್ಗವಾರು ಮೀಸಲಾತಿ ಅಂದಮೇಲೆ ಅಭ್ಯರ್ಥಿಗೆ ಎರಡು ದಾಖಲೆ ಬೇಕು: ಲಿಂಗ ಗುರುತಿನ ಪ್ರಮಾಣಪತ್ರ ಮತ್ತು ಜಾತಿ ಪ್ರಮಾಣಪತ್ರ. ಮೊದಲನೆಯದನ್ನು ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕೇಂದ್ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುತ್ತಾರೆ; ಅರ್ಜಿ ಹಾಕುವ ಮುನ್ನ ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಎರಡನೆಯದಕ್ಕೆ ನಾಡಕಚೇರಿಗೆ ಹೋದರೆ ತಂದೆಯ ದಾಖಲೆ, ಶಾಲೆಯ ದಾಖಲೆ ಕೇಳುತ್ತಾರೆ. ಹದಿನೈದಕ್ಕೆ ಮನೆಬಿಟ್ಟು, ಸಮುದಾಯದವರು ಕೂಡಿ ಬಾಳುವ ಹಮಾಮಿನಲ್ಲಿ ಗುರುವಿನ ಆಸರೆಯಲ್ಲಿ ಬೆಳೆದವರು ಅವನ್ನು ಎಲ್ಲಿಂದ ತರಬೇಕು? ತಂದರೂ ಅದರಲ್ಲಿರುವುದು ಹಳೆಯ ಹೆಸರು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ಕಾನೂನು ತಿದ್ದುಪಡಿಯಾಗುವ ತನಕ ಜನನ ಪ್ರಮಾಣಪತ್ರದಲ್ಲಿ ಹಳೆಯ ಮತ್ತು ಹೊಸ ಹೆಸರು, ಲಿಂಗ ಎರಡನ್ನೂ ನಮೂದಿಸಿ ಕೊಡಿ ಎಂದು ಆದೇಶಿಸಿದರು. ಹೆಸರು ಹೊಂದುವುದಿಲ್ಲ ಎಂದು ಕೌಂಟರಿನಿಂದ ವಾಪಸು ಕಳುಹಿಸುವವರ ಮುಂದೆ ಹಿಡಿಯಲು ಇದೊಂದು ಆಧಾರ. ಜಾತಿ ಪ್ರಮಾಣಪತ್ರವೇ ಸಿಗದಿದ್ದರೆ ಆ ಅಭ್ಯರ್ಥಿ ಸಾಮಾನ್ಯ ಅರ್ಹತೆಯ ಕಾಲಂಗೆ ಬೀಳುತ್ತಾರೆ. ಸಮತಲ ಮೀಸಲಾತಿಯ ಉದ್ದೇಶ ಅಲ್ಲೇ ಸೋತಿತು.

ದಿಲ್ಲಿಯ ಕಡೆ ನೋಡಿದರೆ ಭರವಸೆ ಕಡಿಮೆ. ಡಿಎಂಕೆಯ ತಿರುಚಿ ಶಿವ ಅವರ ಖಾಸಗಿ ಮಸೂದೆಯಲ್ಲಿ ಶೇ 2ರ ಮೀಸಲಾತಿ ಇತ್ತು, 2015ರ ಏಪ್ರಿಲ್‌ನಲ್ಲಿ ರಾಜ್ಯಸಭೆ ಅದನ್ನು ಒಪ್ಪಿತ್ತು. ಸರ್ಕಾರ ತಂದ 2019ರ ಕಾಯ್ದೆಯಲ್ಲಿ ಮೀಸಲಾತಿಯ ಮಾತೇ ಇರಲಿಲ್ಲ. ಹಾಗಾಗಿ ಸದ್ಯಕ್ಕೆ ರಾಜ್ಯಗಳೇ ದಿಕ್ಕು.

ರಾಜ್ಯ ಮಾಡಬೇಕಾದದ್ದು ಕಷ್ಟದ ಕೆಲಸವಲ್ಲ, ಮಾದರಿ ಕಣ್ಣೆದುರೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 34ನೇ ಕಲಂ ಪ್ರಕಾರ, ಮೀಸಲು ಹುದ್ದೆಗೆ ಆ ವರ್ಷ ಅರ್ಹರು ಸಿಗದಿದ್ದರೆ ಅದನ್ನು ಮುಂದಿನ ನೇಮಕಾತಿ ವರ್ಷಕ್ಕೆ ಉಳಿಸಿಕೊಳ್ಳಬೇಕು. ಆಗಲೂ ಸಿಗದಿದ್ದರೆ ಬೇರೆ ಬಗೆಯ ಅಂಗವೈಕಲ್ಯ ಇರುವವರಿಗೆ ಕೊಡಬೇಕು. ಅವರೂ ಇಲ್ಲವೆಂದರೆ ಮಾತ್ರ ಇತರರಿಗೆ. (1ಡಿ) ಉಪನಿಯಮಕ್ಕೂ ಇಂಥದೇ ಒಂದು ಪರಂತುಕ ಬೇಕು. ಪ್ರವರ್ಗಗಳ ಅರ್ಧ, ಕಾಲು ಹುದ್ದೆಗಳನ್ನು ಒಟ್ಟುಗೂಡಿಸಿ ಪೂರ್ಣ ಹುದ್ದೆ ಮಾಡುವ ಲೆಕ್ಕವನ್ನೂ ಅದರಲ್ಲೇ ಬರೆಯಬೇಕು. ತಮ್ಮದೇ ನೇಮಕಾತಿ ನಿಯಮ ಇಟ್ಟುಕೊಂಡಿರುವ ನಿಗಮ, ಮಂಡಳಿಗಳಿಗೂ ಇದನ್ನು ಅಳವಡಿಸಿಕೊಳ್ಳಲು ಹೇಳಬೇಕು.

ಇದಕ್ಕೆ ವಿಧಾನಸಭೆಯಲ್ಲಿ ಹೊಸ ಕಾಯ್ದೆ ಬೇಕಿಲ್ಲ. ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ಕರಡು ಅಧಿಸೂಚನೆ ಹೊರಡಿಸಿ, ಸಾರ್ವಜನಿಕರ ಆಕ್ಷೇಪಣೆ ಕೇಳಿ, ರಾಜ್ಯಪತ್ರದಲ್ಲಿ ಅಂತಿಮವಾಗಿ ಪ್ರಕಟಿಸಿದರೆ ನಿಯಮ ಬದಲಾಗುತ್ತದೆ. 2021ರಲ್ಲಿ ಆದದ್ದೂ ಹಾಗೆಯೇ. ನಿಮ್ಮ ಕ್ಷೇತ್ರದ ಶಾಸಕರು ಯಾವ ಪಕ್ಷದವರೇ ಆಗಿರಲಿ, ಉಳಿದ ಹುದ್ದೆಗಳನ್ನು ಮುಂದಿನ ವರ್ಷಕ್ಕೆ ಒಯ್ಯುವ ತಿದ್ದುಪಡಿಗಾಗಿ ಆ ಇಲಾಖೆಗೆ ಒಂದು ಪತ್ರ ಬರೆಯಿರಿ ಎಂದು ಅವರನ್ನು ಕೇಳಿ. ನೀವೂ ಒಂದು ಬರೆಯಿರಿ.