ಎಂಜಿನ್ನಿಗೆ ಎಷ್ಟು ಗಟ್ಟಿಯಾದ ಎಣ್ಣೆ?

ಪುಣೆ–ಹೈದರಾಬಾದು ಹೆದ್ದಾರಿಯಲ್ಲಿ ಬಸವಕಲ್ಯಾಣದ ಕೂಡುರಸ್ತೆಯನ್ನು ದಾಟಿ ಹುಮನಾಬಾದಿನತ್ತ ಸಾಗುವ ಲಾರಿಗಳು ವೈಶಾಖದ ಮಧ್ಯಾಹ್ನಗಳಲ್ಲಿ ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಬಿಸಿಲಿನಲ್ಲಿ ಓಡಬೇಕಾಗುತ್ತದೆ. ಹುಮನಾಬಾದಿನಲ್ಲಿ ಈ ದಾರಿಯನ್ನು ಬೀದರ–ಕಲಬುರಗಿ ಮಾರ್ಗವು ಸಂಧಿಸುವುದರಿಂದ ಅಲ್ಲಿ ವಾಹನಗಳ ದಟ್ಟಣೆ ಬಹಳ. ‘ಬಿಸಿಲ ನಾಡಿಗೆ ಗಟ್ಟಿ ಎಣ್ಣೆ’ ಎಂಬ ನಂಬಿಕೆ ಇಂತಹ ಕಡೆಗಳ ಚಾಲಕರಲ್ಲಿಯೂ ಮಿಸ್ತ್ರಿಗಳಲ್ಲಿಯೂ ಆಳವಾಗಿ ಬೇರೂರಿದೆ. ಅದರಲ್ಲಿ ಸತ್ಯವಿಲ್ಲದಿಲ್ಲ, ಆದರೆ ಅದು ಅರ್ಧ ಸತ್ಯ. ಎಣ್ಣೆಯ ಆಯ್ಕೆ ತಪ್ಪಿ ಬೇರಿಂಗು ಸುಟ್ಟು ಎಂಜಿನ್ ಹಿಡಿದುಕೊಂಡರೆ, ಒಂದೇ ಲಾರಿಯನ್ನು ನಂಬಿದ ಕುಟುಂಬಕ್ಕೆ ಅದು ಸಣ್ಣ ಪೆಟ್ಟಲ್ಲ.

ದ್ರವವು ತನ್ನ ಹರಿವಿಗೆ ತಾನೇ ಒಡ್ಡುವ ತಡೆಗೆ ಸ್ನಿಗ್ಧತೆ ಎಂದು ಹೆಸರು. ಹರಳೆಣ್ಣೆಯಿರುವ ಗಾಜಿನ ನಳಿಗೆಯಲ್ಲಿ ಸಣ್ಣ ಉಕ್ಕಿನ ಗುಂಡೊಂದನ್ನು ಬಿಟ್ಟು, ಅದು ತಳ ಸೇರಲು ಹಿಡಿಯುವ ಕಾಲವನ್ನು ಎಣಿಸಿರಿ. ಎಣ್ಣೆಯನ್ನು ಸ್ವಲ್ಪ ಬೆಚ್ಚಗೆ ಮಾಡಿ ಪುನಃ ಬಿಡಿರಿ; ಗುಂಡು ಬಹು ಬೇಗ ಇಳಿಯುವುದು. ೨೦ ಡಿಗ್ರಿಯಿಂದ ೪೦ ಡಿಗ್ರಿಗೆ ಏರಿದರೆ ಹರಳೆಣ್ಣೆಯ ಸ್ನಿಗ್ಧತೆ ಸುಮಾರು ಕಾಲು ಪಾಲಿಗೆ ಕುಸಿಯುತ್ತದೆ. (ಮೊದಲನೆಯ ಮಹಾಯುದ್ಧದ ಕೆಲವು ವಿಮಾನಗಳ ಎಂಜಿನ್ನುಗಳಿಗೆ ಈ ನಮ್ಮ ಹರಳೆಣ್ಣೆಯೇ ಕೀಲೆಣ್ಣೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬಹುದು.)

ಎಣ್ಣೆ ತೀರ ತೆಳುವಾದರೆ ತಿರುಗುವ ದಂಡಕ್ಕೂ ಬೇರಿಂಗಿಗೂ ನಡುವೆ ನಿಲ್ಲಬೇಕಾದ ಪೊರೆ ಹರಿದು, ಲೋಹಕ್ಕೆ ಲೋಹ ತಾಗುತ್ತದೆ. ತೀರ ಗಟ್ಟಿಯಾದರೆ ಬೆಳಗ್ಗೆ ಎಂಜಿನ್ ಹೂಡಿದಾಗ ಮೇಲಿನ ಭಾಗಗಳನ್ನು ಅದು ಬೇಗನೆ ತಲುಪುವುದಿಲ್ಲ. ಅಲ್ಲದೆ ಅದನ್ನು ಕಡೆಯುವುದರಲ್ಲಿಯೇ ಇಂಧನ ವ್ಯಯವಾಗಿ, ಎಣ್ಣೆಯೇ ಇನ್ನಷ್ಟು ಕಾಯುತ್ತದೆ. ಎಣ್ಣೆಯ ಕೆಲಸ ಜಾರಿಸುವುದು ಮಾತ್ರವಲ್ಲ, ಶಾಖವನ್ನು ಹೊತ್ತೊಯ್ಯುವುದೂ ಹೌದು. ನಿಧಾನವಾಗಿ ಹರಿಯುವ ಎಣ್ಣೆ ಆ ಕೆಲಸದಲ್ಲಿಯೂ ಹಿಂದೆ.

ಡಬ್ಬಿಯ ಮೇಲಿನ ಅಂಕಿಗಳ ಪದ್ಧತಿಯನ್ನು ಅಮೆರಿಕದ ವಾಹನ ಎಂಜಿನಿಯರುಗಳ ಸಂಘವು ೧೯೧೧ರಲ್ಲಿ ಪ್ರಾರಂಭಿಸಿತು. ಈಗಿನ ನಿಯಮದಂತೆ ೪೦ ಎಂಬ ದರ್ಜೆಯ ಎಣ್ಣೆಯ ಸ್ನಿಗ್ಧತೆ ೧೦೦ ಡಿಗ್ರಿಯಲ್ಲಿ ೧೨.೫ರಿಂದ ೧೬.೩ ಸೆಂಟಿಸ್ಟೋಕುಗಳ ಒಳಗಿರಬೇಕು. ೫೦ ಎಂದರೆ ಅಲ್ಲಿಂದ ೨೧.೯ರವರೆಗೆ. ‘೧೫ಡಬ್ಲ್ಯು–೪೦’ ಎಂಬಲ್ಲಿ ಡಬ್ಲ್ಯು ಅಕ್ಷರವು ಚಳಿಗಾಲವನ್ನು ಸೂಚಿಸುತ್ತದೆ. ೧೫ಡಬ್ಲ್ಯು ಎಣ್ಣೆಯನ್ನು ಪರೀಕ್ಷಿಸುವುದು ಶೂನ್ಯಕ್ಕಿಂತ ೨೦ ಡಿಗ್ರಿ ಕೆಳಗೆ! ಬಸವಕಲ್ಯಾಣದ ಮಾಗಿಯ ಚಳಿ ಅದರ ಹತ್ತಿರಕ್ಕೂ ಹೋಗದು. ಆದುದರಿಂದ ಇಲ್ಲಿಯ ಹಳೆಯ ಎಂಜಿನ್ನುಗಳಿಗೆ ಮೊದಲ ಅಂಕಿಗಿಂತ ಎರಡನೆಯದೇ ಮುಖ್ಯ.

ಹಾಗಾದರೆ ಬಿಸಿಲಿಗೆ ೫೦ನ್ನೇ ಹಾಕಬೇಕೆ? ನೀರಿನಿಂದ ತಣಿಯುವ ಎಂಜಿನ್ನಿನಲ್ಲಿ ಥರ್ಮೋಸ್ಟಾಟ್ ಎಂಬ ಸಾಧನವು ನೀರಿನ ಉಷ್ಣತೆಯನ್ನು ೮೦–೯೦ ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಲು ಯತ್ನಿಸುತ್ತದೆ. ಹೊರಗೆ ೨೮ ಡಿಗ್ರಿಯಿರಲಿ, ೪೨ ಇರಲಿ, ರೇಡಿಯೇಟರು ಸುಸ್ಥಿತಿಯಲ್ಲಿದ್ದರೆ ಒಳಗಿನ ಎಣ್ಣೆಗೆ ಅಷ್ಟೇನೂ ಅಂತರ ತಿಳಿಯದು. ಗಾಳಿಯಿಂದ ತಣಿಯುವ ಪಂಪುಸೆಟ್ಟಿನ ಎಂಜಿನ್ನಿಗೂ, ಕಬ್ಬು ಹೇರಿಕೊಂಡು ಮೆಲ್ಲನೆ ತೆವಳುವುದರಿಂದ ಎದುರುಗಾಳಿ ದೊರೆಯದ ಟ್ರ್ಯಾಕ್ಟರಿಗೂ ಬೇಸಗೆ ನಿಜವಾಗಿ ತಟ್ಟುತ್ತದೆ. ತಯಾರಕರ ಕೈಪಿಡಿಯಲ್ಲಿ ಹೊರಗಿನ ಉಷ್ಣತೆಗೆ ತಕ್ಕಂತೆ ಎರಡು ಮೂರು ದರ್ಜೆಗಳನ್ನು ಕೊಟ್ಟಿದ್ದರೆ, ಇಂತಹವಕ್ಕೆ ಅವುಗಳಲ್ಲಿ ಗಟ್ಟಿಯಾದುದನ್ನು ಆರಿಸುವುದು ಯುಕ್ತ. ಕೈಪಿಡಿಯನ್ನು ಮೀರಿ ಗಟ್ಟಿಯಾದುದನ್ನು ಸುರಿಯುವುದು ಯುಕ್ತವಲ್ಲ. ಸವೆದ ಎಂಜಿನ್ನಿನ ಒತ್ತಡದ ಮುಳ್ಳು ಗಟ್ಟಿ ಎಣ್ಣೆಯಿಂದ ಮೇಲೇರುವುದು ನಿಜ. ಸವೆತವೇನೂ ಅದರಿಂದ ಮಾಯುವುದಿಲ್ಲ.

ಇನ್ನು ಬೆರಕೆಯ ಮಾತು. ೧೦೦ ಡಿಗ್ರಿಯಲ್ಲಿ ೧೧ ಸೆಂಟಿಸ್ಟೋಕಿನ ೩೦ನೆಯ ದರ್ಜೆಯ ಎಣ್ಣೆಗೆ ೧೯ ಸೆಂಟಿಸ್ಟೋಕಿನ ೫೦ನೆಯ ದರ್ಜೆಯದನ್ನು ಸಮಸಮವಾಗಿ ಕೂಡಿಸಿದರೆ ಸರಾಸರಿಯಂತೆ ೧೫ ಬರಬೇಕೆಂದು ತೋರುತ್ತದೆ. ಬರುವುದು ೧೪.೪ರ ಸಮೀಪ. ಇಲ್ಲಿ ಸರಾಸರಿ ತೆಗೆಯಬೇಕಾದುದು ಸ್ನಿಗ್ಧತೆಯನ್ನಲ್ಲ, ಸ್ಥೂಲವಾಗಿ ಅದರ ಲಾಗರಿದಮ್ಮನ್ನು. ವಿದ್ಯಾರ್ಥಿಗಳು ತಮ್ಮ ಕೋಷ್ಟಕವನ್ನು ತೆರೆದು ಪರೀಕ್ಷಿಸಬಹುದು. ಬೆರಕೆಯಲ್ಲಿ ತೆಳುವಾದುದರ ಕೈಯೇ ಮೇಲು. ೪೦ ಡಿಗ್ರಿಯಲ್ಲಿ ೧೧೦ ಸೆಂಟಿಸ್ಟೋಕಿರುವ ಎಣ್ಣೆಗೆ ನೂರಕ್ಕೆ ಐದು ಪಾಲು ಡೀಸೆಲ್ ಸೋರಿ ಸೇರಿತೆನ್ನೋಣ. ಸಾಮಾನ್ಯ ಸರಾಸರಿ ೧೦೫ ಎನ್ನುತ್ತದೆ. ವಾಸ್ತವವಾಗಿ ಅದು ೯೦ಕ್ಕೋ ಅದಕ್ಕೂ ಕೆಳಕ್ಕೋ ಇಳಿಯುತ್ತದೆ. ಇಂಜೆಕ್ಟರು ಕೆಟ್ಟ ಲಾರಿಯಲ್ಲಿ ಬೇರಿಂಗು ಸುಡುವ ರಹಸ್ಯಗಳಲ್ಲಿ ಇದೂ ಒಂದು.

ಸ್ನಿಗ್ಧತೆ ಹೊಂದಿದ ಮಾತ್ರಕ್ಕೆ ಎಣ್ಣೆ ಹೊಂದಿತೆಂದಲ್ಲ. ಕೊಳೆ ತೊಳೆಯುವ, ಸವೆತ ತಡೆಯುವ ಹಲವು ರಾಸಾಯನಿಕಗಳನ್ನು ಎಣ್ಣೆಗೆ ಬೆರೆಸಿರುತ್ತಾರೆ. ಅವುಗಳಲ್ಲಿನ ಲೋಹಾಂಶವು ಉರಿದಾಗ ಬೂದಿಯಾಗುತ್ತದೆ. ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮಕ್ಕೆ ಒಳಪಟ್ಟ ಡೀಸೆಲ್ ಲಾರಿಗಳಲ್ಲಿ ಮಸಿಯನ್ನು ಹಿಡಿಯುವ ಶೋಧಕವಿದ್ದು, ಈ ಬೂದಿ ಅದನ್ನು ಕಟ್ಟಿಸುತ್ತದೆ. ಆದುದರಿಂದ ಅವಕ್ಕೆ ಬೂದಿ ಕಡಮೆಯಾದ ಎಣ್ಣೆಯೇ ಆಗಬೇಕು. ಕಾರಿನ ಎಣ್ಣೆಯನ್ನು ಮೋಟಾರುಸೈಕಲ್ಲಿಗೆ ಹಾಕಿದರೂ ತೊಂದರೆಯೇ: ಬಹುಪಾಲು ಮೋಟಾರುಸೈಕಲ್ಲುಗಳ ಕ್ಲಚ್ಚು ಅದೇ ಎಣ್ಣೆಯಲ್ಲಿ ಮುಳುಗಿರುವುದರಿಂದ, ಘರ್ಷಣೆ ತಗ್ಗಿಸುವ ರಾಸಾಯನಿಕ ಅದನ್ನು ಜಾರುವಂತೆ ಮಾಡಬಹುದು.

ಹೆದ್ದಾರಿಯ ನಡುವೆ ಎಣ್ಣೆಯ ಮಟ್ಟ ಅಳತೆಕಡ್ಡಿಯ ಕೆಳಗೆರೆಗಿಂತಲೂ ಇಳಿದಿದ್ದು, ಬೇಕಾದ ದರ್ಜೆ ದೊರೆಯದಿದ್ದಲ್ಲಿ, ಅದೇ ಬಗೆಯ ಎಂಜಿನ್ನಿಗೆಂದು ಮಾಡಿದ ಸಮೀಪದ ದರ್ಜೆಯ ಎಣ್ಣೆಯನ್ನು ಒಂದೆರಡು ಲೀಟರು ಸೇರಿಸಿ ಮುಂದೆ ಸಾಗಬಹುದು. ಎಣ್ಣೆಯ ಕೊರತೆಯಿಂದ ಆಗುವ ಕೇಡಿನ ಮುಂದೆ ಬೆರಕೆಯ ಕೇಡು ಅಲ್ಪ. ಊರು ಸೇರಿದ ಬಳಿಕ ಅದನ್ನು ಪೂರ್ತಿ ಬಸಿದು ಸರಿಯಾದುದನ್ನು ತುಂಬಿಸಿದರಾಯಿತು.