ಬಣ್ಣವಿಲ್ಲದ ಫಲಕ, ಬಣ್ಣದ ಪ್ರತಿ: ಪ್ರೊಕುದಿನ್-ಗೋರ್ಸ್ಕಿಯ ನೆಗೆಟಿವ್‌ಗಳು

ರಷ್ಯಾದ ಛಾಯಾಗ್ರಾಹಕ ಸೆರ್ಗೈ ಪ್ರೊಕುದಿನ್-ಗೋರ್ಸ್ಕಿ (1863-1944) 1909ರಿಂದ 1915ರ ಅವಧಿಯಲ್ಲಿ ತ್ಸಾರ್ ಎರಡನೆಯ ನಿಕೊಲಸನ ಬೆಂಬಲದಿಂದ ಸಾಮ್ರಾಜ್ಯದಾದ್ಯಂತ ಸಂಚರಿಸಿ ತೆಗೆದ ಚಿತ್ರಗಳನ್ನು ವರ್ಣಚಿತ್ರಗಳೆಂದೇ ಗುರುತಿಸಲಾಗುತ್ತದೆ. ಆದರೆ ಅವನ ಗಾಜಿನ ಫಲಕಗಳಲ್ಲಿ ಬಣ್ಣದ ಲವಲೇಶವೂ ಇಲ್ಲ. ಪ್ರತಿ ಫಲಕದಲ್ಲಿಯೂ ಒಂದರ ಕೆಳಗೊಂದರಂತೆ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳಿವೆ. ನೀಲಿ, ಹಸಿರು, ಕೆಂಪು ಶೋಧಕಗಳ ಮೂಲಕ ಅನುಕ್ರಮವಾಗಿ ತೆಗೆದ ಇವುಗಳಲ್ಲಿ ಉಳಿದಿರುವುದು ಬಣ್ಣವಲ್ಲ, ಬಣ್ಣದ ಪ್ರಮಾಣ. ಹೀಗಿರುವಾಗ ಇಂದು ಕಾಣುವ ಬಣ್ಣ ಎಲ್ಲಿಂದ ಬಂದಿತೆಂಬುದು ವಿಚಾರಾರ್ಹ.

ಈ ವಿಧಾನದ ತತ್ತ್ವವನ್ನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1861ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಪ್ರದರ್ಶಿಸಿದ್ದನು. ಮೂರು ಕಪ್ಪು-ಬಿಳುಪು ಪಾರದರ್ಶಕ ಪ್ರತಿಗಳನ್ನು ಮೂರು ಬಣ್ಣದ ಬೆಳಕಿನಲ್ಲಿ ಪರದೆಯ ಮೇಲೆ ಒಂದರೊಡನೊಂದು ಕೂಡಿಸುವುದೇ ಆ ತತ್ತ್ವ. ಪ್ರೊಕುದಿನ್-ಗೋರ್ಸ್ಕಿಯೂ ತನ್ನ ಚಿತ್ರಗಳನ್ನು ಹೀಗೆಯೇ ತೋರಿಸುತ್ತಿದ್ದನು.

ಕಾಗದದ ಮೇಲಿನ ಮುದ್ರಣದ ಲೆಕ್ಕ ಬೇರೆ. ಅಲ್ಲಿ ನಡೆಯುವುದು ಕೂಡುವಿಕೆಯಲ್ಲ, ಕಳೆಯುವಿಕೆ. ಬಿಳಿಯ ಕಾಗದ ಎಲ್ಲ ಬೆಳಕನ್ನೂ ಮರಳಿಸುತ್ತದೆ. ಬೇಡದ ಬೆಳಕನ್ನು ತಡೆಯುವುದಷ್ಟೇ ವರ್ಣದ್ರವ್ಯದ ಕೆಲಸ. ಕೆಂಪು ಸೆರಗೊಂದನ್ನು ಉದಾಹರಿಸಬಹುದು. ಕೆಂಪು ಶೋಧಕದ ನೆಗೆಟಿವ್‌ನಲ್ಲಿ ಆ ಭಾಗ ದಟ್ಟ ಕಪ್ಪಾಗಿರುತ್ತದೆ. ಅದರಿಂದ ತೆಗೆದ ಪ್ರತಿಯಲ್ಲಿ ಅಲ್ಲಿ ವರ್ಣದ್ರವ್ಯವೇ ಕೂಡುವುದಿಲ್ಲ. ಕೆಂಪಿಲ್ಲದ ಕಡೆಗಳಲ್ಲಿ ಮಾತ್ರ ಅದು ಕೂಡುವುದರಿಂದ ಈ ಪ್ರತಿಗೆ ಕೆಂಪನ್ನು ಹೀರುವ ಹಸಿರುನೀಲಿಯನ್ನು, ಅಂದರೆ ಸಯಾನ್ ಬಣ್ಣವನ್ನು, ಹಚ್ಚಬೇಕು. ಇದೇ ನ್ಯಾಯದಿಂದ ಹಸಿರಿನ ಪ್ರತಿಗೆ ಮಜೆಂಟಾ, ನೀಲಿಯದಕ್ಕೆ ಹಳದಿ. ಸೆರಗಿನ ಭಾಗದಲ್ಲಿ ಮಜೆಂಟಾ ಹಾಗೂ ಹಳದಿ ಒಂದರ ಮೇಲೊಂದು ಬಿದ್ದು ಕೆಂಪು ಮೂಡುತ್ತದೆ. ಕೆಂಪು ನೆಗೆಟಿವ್‌ಗೆ ಕೆಂಪು ಬಣ್ಣವೇ ಎಂದು ಭಾವಿಸುವುದು ಸಹಜವಾದ ತಪ್ಪು.

ಈ ಕ್ರಮದ ಅತ್ಯಂತ ಪರಿಷ್ಕೃತ ರೂಪಗಳಲ್ಲೊಂದು ಡೈ ಟ್ರಾನ್ಸ್‌ಫರ್. ಮೂರು ಜಿಲೆಟಿನ್ ಅಚ್ಚುಗಳು ತಮ್ಮ ತಮ್ಮ ವರ್ಣದ್ರಾವಣವನ್ನು ಹೀರಿ ಒಂದೇ ಕಾಗದಕ್ಕೆ ವರ್ಗಾಯಿಸುತ್ತವೆ. ಕೂದಲೆಳೆಯಷ್ಟು ಜರುಗಿದರೂ ಅಂಚು ಒಡೆಯುತ್ತದೆ. ಕೊಡಕ್ ಸಂಸ್ಥೆಯು 1994ರಲ್ಲಿ ಇದರ ಸಾಮಗ್ರಿಗಳ ತಯಾರಿಕೆಯನ್ನು ನಿಲ್ಲಿಸಿತು. ಜರುಗದಿದ್ದರೂ ತಪ್ಪದ ದೋಷ ಇನ್ನೊಂದಿದೆ. ಮೂರು ಚಿತ್ರಗಳು ಏಕಕಾಲದವಲ್ಲವಾದ್ದರಿಂದ ಹರಿಯುವ ನೀರು, ಅಲುಗುವ ಮನುಷ್ಯ ಇವುಗಳ ಸುತ್ತ ಬಣ್ಣದ ಗೆರೆಗಳು ಉಳಿಯುತ್ತವೆ. ಇವನ್ನು ಕಳಂಕವೆನ್ನುವುದಕ್ಕಿಂತ ಕಾಲದ ಗುರುತೆನ್ನುವುದು ಲೇಸು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಅವನ ವಾರಸುದಾರರಿಂದ ಕೊಂಡ ಸಂಗ್ರಹದಲ್ಲಿ ಇಂತಹ 1,902 ನೆಗೆಟಿವ್ ಫಲಕಗಳಿವೆ. ವರ್ಣದ್ರವ್ಯಗಳು ಮಾಸುತ್ತವೆ, ಬೆಳ್ಳಿಯ ಬಿಂಬ ಅವುಗಳಿಗಿಂತ ಬಹಳ ಗಟ್ಟಿ. ಬಣ್ಣವಿಲ್ಲದಿರುವುದೇ ಇಲ್ಲಿ ಬಣ್ಣವನ್ನು ಕಾಪಾಡಿತು. ಆದರೆ 2000ದ ನಂತರ ಗಣಕಯಂತ್ರದಲ್ಲಿ ಸಿದ್ಧಗೊಂಡ ವರ್ಣಪ್ರತಿಗಳಲ್ಲಿ ಮೂರು ದಾಖಲೆಗಳ ಪರಸ್ಪರ ಪ್ರಮಾಣವನ್ನು ನಿರ್ಧರಿಸಿದವರು ಇಂದಿನವರು. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ, ಇವು ಮೂಲಪ್ರತಿಗಳಲ್ಲ, ಪರಿಷ್ಕೃತ ಪಾಠಗಳು. ಅವನ ಕಾಲದಲ್ಲಿಯೇ ಬಣ್ಣದಲ್ಲಿ ಮುದ್ರಣಗೊಂಡವು ಕೆಲವೇ. 1908ರ ಟಾಲ್‌ಸ್ಟಾಯ್ ಭಾವಚಿತ್ರ ಅವುಗಳಲ್ಲೊಂದು. ಅವನು ಸಿದ್ಧಪಡಿಸಿದ್ದ ಆಲ್ಬಮ್‌ಗಳಲ್ಲಿ ಅಂಟಿಸಿರುವುದು ಕಂದುಛಾಯೆಯ ಏಕವರ್ಣ ಪ್ರತಿಗಳನ್ನು.