ಸುಟ್ಟಗಾಯದ ರೋಗಿಗೆ ನೆಗಡಿ ತಗುಲಿದರೆ



ಮೈ ಸುಟ್ಟ ರೋಗಿಯನ್ನು ಮಾತನಾಡಿಸಲು ಊರಿನಿಂದ ಮನೆಮಂದಿಯೆಲ್ಲ ಬರುವುದು ಸಹಜ. ಆದರೆ ಬಂದವರ ನೆಗಡಿ, ಕೆಮ್ಮು ರೋಗಿಗೆ ಅಂಟಿದರೆ ಚೇತರಿಕೆ ಹಿಂದೆ ಬೀಳುತ್ತದೆ.

ಮೈ ಹೆಚ್ಚು ಸುಟ್ಟಾಗ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಗಾಯ ಮಾಯಲು ದೇಹಕ್ಕೆ ಮಾಮೂಲಿಗಿಂತ ಒಂದೂವರೆ, ಕೆಲವೊಮ್ಮೆ ಎರಡು ಪಟ್ಟು ಆಹಾರಶಕ್ತಿ ಬೇಕು. ಇಂಥ ಹೊತ್ತಿನಲ್ಲಿ ಫ್ಲೂ ಅಥವಾ ಕೋವಿಡ್ ತಗುಲಿದರೆ ಊಟ ಸೇರುವುದಿಲ್ಲ, ಇರುವ ಶಕ್ತಿಯನ್ನೂ ಜ್ವರ ತಿನ್ನುತ್ತದೆ. ಚರ್ಮ ಕಸಿಯ ಆಪರೇಷನ್ ಮುಂದೂಡಬೇಕಾಗಬಹುದು. ಬೆಂಕಿಯ ಹೊಗೆ ಕುಡಿದವರಿಗೆ ಅಪಾಯ ಇನ್ನೂ ಹೆಚ್ಚು. ಅವರ ಶ್ವಾಸನಾಳದಲ್ಲಿ ಕಫ ಹೊರತಳ್ಳುವ ಸೂಕ್ಷ್ಮ ರೋಮಗಳೇ ಹಾಳಾಗಿರುತ್ತವೆ; ವೈರಸ್ಸಿನ ಬೆನ್ನಿಗೇ ಬ್ಯಾಕ್ಟೀರಿಯಾ ಸೇರಿ ನ್ಯುಮೋನಿಯಾ ಆಗಬಹುದು.

ಸುಟ್ಟಗಾಯದವರಿಗೆ ಸೋಂಕಿಲ್ಲದೆಯೂ ಜ್ವರ ಬರುವುದುಂಟು. ಆದ್ದರಿಂದ ಹೊಸದಾಗಿ ಕೆಮ್ಮು, ಗಂಟಲುನೋವು, ಮೂಗು ಸೋರುವುದು, ಏದುಸಿರು ಕಂಡರೆ ಸಿಸ್ಟರ್‌ಗೆ ಕೂಡಲೇ ತಿಳಿಸಿ. ನಡುರಾತ್ರಿಯಾದರೂ ಸಂಕೋಚ ಬೇಡ. ಫ್ಲೂ ಔಷಧ ಮೊದಲ 48 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಆಂಟಿಬಯಾಟಿಕ್ ವೈರಸ್ಸಿಗೆ ನಾಟುವುದಿಲ್ಲ. ಅಂಗಡಿಯಿಂದ ನೀವೇ ಮಾತ್ರೆ ತಂದು ಕೊಡಬೇಡಿ. ಕುದಿಯುವ ನೀರಿನ ಹಬೆಯಂತೂ ಬೇಡವೇ ಬೇಡ. ಆ ಪಾತ್ರೆ ಮಗುಚಿ ಮೈ ಸುಟ್ಟುಕೊಳ್ಳುವವರೂ ಇದ್ದಾರೆ!

ನೆಗಡಿ ಇರುವವರು, ತಾಯಿಯಾಗಲಿ ಹೆಂಡತಿಯಾಗಲಿ, ಅದನ್ನು ಮುಚ್ಚಿಟ್ಟು ವಾರ್ಡಿನೊಳಗೆ ಬರಬಾರದು. ರೋಗಿಯ ಜೊತೆಗಿರಲು ಬೇರೊಬ್ಬರನ್ನು ಕರೆಸಿ, ನೀವು ಗುಣವಾಗುವವರೆಗೆ ಫೋನಿನಲ್ಲಿ ಮಾತನಾಡಿ. ಬರಲಿಲ್ಲವೇಕೆಂದು ರೋಗಿ ಬೇಸರಪಟ್ಟರೆ ಸಿಸ್ಟರ್ ತಿಳಿಸಿ ಹೇಳುತ್ತಾರೆ. ಜೊತೆಗಿರುವವರು ಮಾಸ್ಕ್ ಹಾಕಿ, ಊಟ ಉಣಿಸುವ ಮೊದಲು ಸೋಪಿನಿಂದ ಕೈ ತೊಳೆಯಿರಿ. ಊಟ ಸೇರದಿದ್ದರೆ ಹಾಲು, ಮೊಸರು, ತೆಳ್ಳಗಿನ ಬೇಳೆ ಸ್ವಲ್ಪಸ್ವಲ್ಪವಾಗಿ ಕೊಡಬಹುದೇ ಎಂದು ಡಾಕ್ಟರನ್ನು ಕೇಳಿ.